ರಕ್ತಕ್ಕೆ ಕೇಳಿದ ಪ್ರಶ್ನೆ: ಸ್ತನದ ಕ್ಯಾನ್ಸರಿನ ಗುರುತನ್ನು ಅರಸಿದ ಚರಿತ್ರೆ

ದೇಹದ ಒಳಗೆ ಅಡಗಿರುವ ರೋಗವನ್ನು ಹೊರಗೆ ತೆಗೆದ ಕೆಲವು ಹನಿ ರಕ್ತದಲ್ಲಿ ಓದಿಕೊಳ್ಳಬೇಕೆಂಬುದು ಆಧುನಿಕ ವೈದ್ಯಶಾಸ್ತ್ರದ ಹಳೆಯ ಆಸೆಗಳಲ್ಲೊಂದು. ಮಲೇರಿಯಾದ ವಿಷಯದಲ್ಲಿ ಅದು ೧೮೮೦ರಲ್ಲಿ ಲಾವೆರಾನನ ಸೂಕ್ಷ್ಮದರ್ಶಕದ ಅಡಿಯಲ್ಲಿ ಕೈಗೂಡಿತು; ಉಪದಂಶದ ವಿಷಯದಲ್ಲಿ ೧೯೦೬ರ ವಾಸರ್‌ಮನ್ ಪರೀಕ್ಷೆಯಿಂದ ಕೈಗೂಡಿತೆಂದು ಆ ಕಾಲದವರು ನಂಬಿದರು. ಅರ್ಬುದದ, ಎಂದರೆ ಈಗ ಪಂಡಿತರೂ ಪಾಮರರೂ ಕ್ಯಾನ್ಸರ್ ಎಂದೇ ಕರೆಯುವ ವ್ಯಾಧಿಯ ವಿಷಯದಲ್ಲಿ ಮಾತ್ರ ಈ ಆಸೆಯ ಕಥೆ ನೂರೈವತ್ತು ವರ್ಷಗಳಷ್ಟು ಉದ್ದವಾಗಿಯೂ ವಕ್ರವಾಗಿಯೂ ಇದೆ. ಅದರಲ್ಲಿ ಸ್ತನದ ಕ್ಯಾನ್ಸರಿಗೆ ಸಂಬಂಧಪಟ್ಟ ಭಾಗವನ್ನು ಇಲ್ಲಿ ವಿಚಾರಿಸಬೇಕೆಂದಿದ್ದೇನೆ.

ವಿಷಯವು ಕೇವಲ ವಿದ್ವತ್ತಿನ ಕುತೂಹಲಕ್ಕೆ ಸೇರಿದುದಲ್ಲ. ೨೦೨೨ರ ಜಾಗತಿಕ ಗಣನೆಯ ಪ್ರಕಾರ ಆ ಒಂದು ವರ್ಷದಲ್ಲಿ ಭಾರತದಲ್ಲಿ ಸುಮಾರು ೧,೯೨,೦೦೦ ಮಂದಿಗೆ ಸ್ತನದ ಕ್ಯಾನ್ಸರ್ ಹೊಸದಾಗಿ ಕಂಡುಬಂದಿತು. ಸುಮಾರು ೯೮,೦೦೦ ಮಂದಿ ಅದರಿಂದ ಮಡಿದರು. ಮುಂಬಯಿ, ಪುಣೆ, ಹೈದರಾಬಾದುಗಳಂಥ ನಗರಗಳಲ್ಲಿ ನೆಲೆಸಿದ ನಮ್ಮವರ ಮನೆಗಳಲ್ಲಿ ವರ್ಷಕ್ಕೊಮ್ಮೆ ಸರ್ವಾಂಗ ತಪಾಸಣೆ ಮಾಡಿಸುವ ರೂಢಿ ಬಂದಿದೆ. ಆ ವರದಿಯ ಪಟ್ಟಿಯ ಕೊನೆಯಲ್ಲಿ ಸಿ.ಇ.ಎ., ಸಿ.ಎ. ೧೫-೩ ಎಂಬ ಹೆಸರುಗಳೂ ಅವುಗಳ ಮುಂದೆ ಒಂದೊಂದು ಸಂಖ್ಯೆಯೂ ಇರುವುದುಂಟು. ಸಂಖ್ಯೆ ಮಿತಿಯೊಳಗಿದ್ದರೆ ಮನೆಯವರು ನಿಶ್ಚಿಂತರಾಗುತ್ತಾರೆ. ಮೀರಿದ್ದರೆ ರಾತ್ರಿಯ ನಿದ್ದೆ ಹೋಗುತ್ತದೆ. ಈ ನಿಶ್ಚಿಂತೆಗಾಗಲಿ ಆ ಭೀತಿಗಾಗಲಿ ಸಂಖ್ಯೆ ಎಷ್ಟರಮಟ್ಟಿಗೆ ಆಧಾರ ಕೊಡಬಲ್ಲುದೆಂಬುದನ್ನು ಅದು ಹುಟ್ಟಿಬಂದ ಬಗೆಯನ್ನರಿಯದೆ ಹೇಳಲಾಗದು. ವೈದ್ಯರು ರಕ್ತಕ್ಕೆ ಕೇಳುತ್ತ ಬಂದ ಪ್ರಶ್ನೆ ‘ರೋಗವುಂಟೇ?’ ಎಂಬುದು. ರಕ್ತವು ಉತ್ತರಿಸುತ್ತ ಬಂದುದು ಹೆಚ್ಚಾಗಿ ಬೇರೊಂದು ಪ್ರಶ್ನೆಗೆ: ‘ಇರುವ ರೋಗ ಏನು ಮಾಡುತ್ತಿದೆ?’ ಈ ಎರಡರ ನಡುವಣ ಅಂತರವೇ ಈ ಚರಿತ್ರೆಯ ತಿರುಳು ಎಂದು ನನಗೆ ತೋರುತ್ತದೆ.

ಕಥೆಯ ಮೊದಲನ್ನು ೧೮೬೯ರ ಮೆಲ್ಬರ್ನ್ ನಗರದಲ್ಲಿ ಇಡಬಹುದು. ಅಲ್ಲಿಯ ಆಸ್ಪತ್ರೆಯಲ್ಲಿ ವೈದ್ಯನಾಗಿದ್ದ ಥಾಮಸ್ ಆಶ್ವರ್ತ್ ಎಂಬಾತನು ಕ್ಯಾನ್ಸರಿನಿಂದ ತೀರಿಕೊಂಡ ಒಬ್ಬ ಗಂಡಸಿನ ಶವವನ್ನು ಪರೀಕ್ಷಿಸುತ್ತಿದ್ದನು. ಎದೆ ಹೊಟ್ಟೆಗಳ ಚರ್ಮದ ಕೆಳಗೆ ಸುಮಾರು ಮೂವತ್ತು ಗಂಟುಗಳಿದ್ದುವು. ಗಂಟುಗಳಿಲ್ಲದ ಒಂದು ಕಾಲಿನ ರಕ್ತನಾಳದಿಂದ ರಕ್ತ ತೆಗೆದು ಸೂಕ್ಷ್ಮದರ್ಶಕದ ಕೆಳಗಿಟ್ಟಾಗ, ಗಂಟುಗಳಲ್ಲಿದ್ದ ಜೀವಕೋಶಗಳಂಥವೇ ಅಲ್ಲಿಯೂ ತೇಲುತ್ತಿದ್ದುದನ್ನು ಅವನು ಕಂಡನು. ಆಶ್ವರ್ತನ ಹಿರಿಮೆಯಿರುವುದು ಕಂಡುದರಲ್ಲಿ ಅಷ್ಟಾಗಿ ಅಲ್ಲ, ಕಂಡುದನ್ನು ಕುರಿತು ಮಾಡಿದ ತರ್ಕದಲ್ಲಿ. ಈ ಕೋಶಗಳು ಗಂಟಿನಿಂದ ಹೊರಟು ಆರೋಗ್ಯವಾಗಿರುವ ಕಾಲನ್ನು ಸೇರಬೇಕಾದರೆ ರಕ್ತಪರಿಚಲನೆಯ ಬಹುಭಾಗವನ್ನು ಹಾದು ಬಂದಿರಲೇಬೇಕು. ಹಾಗಾದರೆ ಒಬ್ಬನಲ್ಲಿಯೇ ಅಷ್ಟೊಂದು ಗಂಟುಗಳು ಹುಟ್ಟಿದ ಬಗೆಗೆ ಇವು ಬೆಳಕು ಚೆಲ್ಲಬಹುದು ಎಂದು ಅವನು ಆಸ್ಟ್ರೇಲಿಯದ ವೈದ್ಯ ಪತ್ರಿಕೆಯೊಂದರಲ್ಲಿ ಬರೆದನು. ಇಪ್ಪತ್ತು ವರ್ಷಗಳ ಮೇಲೆ, ೧೮೮೯ರಲ್ಲಿ, ಲಂಡನ್ನಿನ ಶಸ್ತ್ರವೈದ್ಯ ಸ್ಟೀಫನ್ ಪ್ಯಾಜೆಟ್ ಸ್ತನದ ಕ್ಯಾನ್ಸರಿನಿಂದ ಮೃತರಾದ ೭೩೫ ಸ್ತ್ರೀಯರ ಶವಪರೀಕ್ಷೆಗಳ ದಾಖಲೆಗಳನ್ನು ಪರಿಶೀಲಿಸಿ, ರೋಗವು ಮನಬಂದಂತೆ ಹರಡುವುದಿಲ್ಲ, ಯಕೃತ್ತು, ಎಲುಬು ಮೊದಲಾದ ಕೆಲವು ಎಡೆಗಳನ್ನೇ ಆರಿಸಿಕೊಳ್ಳುತ್ತದೆ ಎಂದು ತೋರಿಸಿದನು. ಬೀಜ ಎಲ್ಲ ಕಡೆಗೂ ಹಾರಿದರೂ ಒಗ್ಗಿದ ನೆಲದಲ್ಲಿ ಮಾತ್ರ ಮೊಳೆಯುತ್ತದೆಂಬುದು ಅವನ ಉಪಮಾನ. ರಕ್ತದಲ್ಲಿ ಬೀಜವಿದೆಯೆಂದ ಮಾತ್ರಕ್ಕೆ ಹೊಲದಲ್ಲಿ ಬೆಳೆಯಿದೆಯೆಂದಾಗದು ಎಂಬ ಎಚ್ಚರವೂ ಅದರಲ್ಲಿ ಅಡಗಿತ್ತು. ಆದರೆ ಅಂದಿನವರಿಗೆ ಆ ಕಡೆ ಲಕ್ಷ್ಯವಿರಲಿಲ್ಲ.

ಇದಾದ ಮೇಲೆ ಒಂದು ವಿಷಾದಕರ ಅಧ್ಯಾಯ ಬರುತ್ತದೆ. ಎಮಿಲ್ ಅಬ್ಡರ್‌ಹಾಲ್ಡನ್ ಎಂಬ ಹೆಸರಾಂತ ರಸಾಯನವಿಜ್ಞಾನಿ, ದೇಹದೊಳಕ್ಕೆ ಪರವಸ್ತು ಬಂದಾಗ ಅದನ್ನು ಜೀರ್ಣಿಸುವ ‘ರಕ್ಷಕ ಕಿಣ್ವಗಳು’ ರಕ್ತದಲ್ಲಿ ಹುಟ್ಟುತ್ತವೆಂದು ೧೯೦೯ರ ಸುಮಾರಿನಿಂದ ಸಾರತೊಡಗಿದನು. ಗರ್ಭವನ್ನು ಗುರುತಿಸಲು ಮೊದಲಾದ ಈ ಪರೀಕ್ಷೆ ಶೀಘ್ರದಲ್ಲಿಯೇ ಕ್ಯಾನ್ಸರಿಗೂ ಮನೋರೋಗಕ್ಕೂ ಹಬ್ಬಿತು. ನೂರಾರು ಲೇಖನಗಳು ಬಂದುವು. ಲಿಯೋನೋರ್ ಮಿಖಾಯೆಲಿಸ್ ಮೊದಲನೆಯ ಮಹಾಯುದ್ಧದ ಆರಂಭದ ವೇಳೆಗೆ ಅದನ್ನು ತಾಳ್ಮೆಯಿಂದ ಪುನಃ ಮಾಡಿ ನೋಡಿ, ಏನೂ ಸಿಕ್ಕದೆಂದು ಪ್ರಕಟಿಸಿದರೂ, ದೊಡ್ಡ ಹೆಸರಿನ ನೆರಳಿನಲ್ಲಿ ಆ ಪರೀಕ್ಷೆ ಜರ್ಮನಿಯಲ್ಲಿ ದಶಕಗಳ ಕಾಲ ಬದುಕಿತು. ಇಲ್ಲದ ಕಿಣ್ವವನ್ನು ಇಷ್ಟು ಮಂದಿ ಪ್ರಾಮಾಣಿಕರೂ ಕಂಡುದು ಹೇಗೆ? ಕಾಣಬೇಕೆಂಬ ಆಸೆ ಬಲವಾಗಿದ್ದುದರಿಂದಲೇ ಎನ್ನಬೇಕು.

ದೃಢವಾದ ನೆಲ ದೊರೆತುದು ೧೯೬೫ರಲ್ಲಿ, ಕೆನಡಾದ ಮಾಂಟ್ರಿಯಲ್ ನಗರದಲ್ಲಿ. ಫಿಲ್ ಗೋಲ್ಡ್ ಮತ್ತು ಸಾಮ್ಯುಯೆಲ್ ಫ್ರೀಡ್‌ಮನ್ ಎಂಬವರು ದೊಡ್ಡಕರುಳಿನ ಕ್ಯಾನ್ಸರ್ ಗಂಟನ್ನೂ ಅದೇ ರೋಗಿಯ ಅದೇ ಕರುಳಿನ ಆರೋಗ್ಯವಂತ ಭಾಗವನ್ನೂ ಹೋಲಿಸಿ, ಒಂದರಲ್ಲಿದ್ದು ಇನ್ನೊಂದರಲ್ಲಿಲ್ಲದ ವಸ್ತುವೊಂದನ್ನು ಬೇರ್ಪಡಿಸಿದರು. ಅದು ಭ್ರೂಣದ ಕರುಳಿನಲ್ಲಿಯೂ ಕಂಡುಬಂದಿತು. ಹುಟ್ಟುವ ಮುನ್ನ ಇದ್ದು ಬಳಿಕ ಮರೆಯಾದುದು ರೋಗದಲ್ಲಿ ಮತ್ತೆ ತಲೆಯೆತ್ತಿತ್ತು. ಅದಕ್ಕೆ ಇಟ್ಟ ಹೆಸರಿನ ಸಂಕ್ಷೇಪವೇ ಸಿ.ಇ.ಎ. ರಕ್ತದಲ್ಲಿ ಅತ್ಯಲ್ಪ ಪ್ರಮಾಣದ ವಸ್ತುವನ್ನು ವಿಕಿರಣದ ಸಹಾಯದಿಂದ ಅಳೆಯುವ ವಿಧಾನವನ್ನು ನ್ಯೂಯಾರ್ಕಿನಲ್ಲಿ ರೊಸಾಲಿನ್ ಯಾಲೊ ಮತ್ತು ಸಾಲೊಮನ್ ಬರ್ಸನ್ ಆಗಲೇ ರೂಪಿಸಿದ್ದರು. ಅದನ್ನು ಬಳಸಿ ಮಾಂಟ್ರಿಯಲಿನವರು ೧೯೬೯ರಲ್ಲಿ ೩೬ ಮಂದಿ ಕರುಳಿನ ಕ್ಯಾನ್ಸರ್ ರೋಗಿಗಳ ರಕ್ತವನ್ನು ಪರೀಕ್ಷಿಸಿದಾಗ ೩೫ ಮಂದಿಯಲ್ಲಿ ಸಿ.ಇ.ಎ. ಕಂಡುಬಂದಿತು.

ಇಂಥ ಫಲವನ್ನು ಕಂಡು ಹಿಗ್ಗದವರಾರು! ಆದರೆ ಆ ರೋಗಿಗಳಲ್ಲಿ ಹೆಚ್ಚಿನವರು ರೋಗ ಬಲಿತವರು. ಪರೀಕ್ಷೆ ಆಸ್ಪತ್ರೆಯಿಂದ ಹೊರಗೆ ಬಂದಂತೆಲ್ಲ ಸಂಖ್ಯೆ ಇಳಿಯುತ್ತ ಬಂತು. ಧೂಮಪಾನ ಮಾಡುವವರಲ್ಲಿ, ಯಕೃತ್ತು ಕೆಟ್ಟವರಲ್ಲಿ, ಕರುಳಿನ ಉರಿಯೂತವಿರುವವರಲ್ಲಿ ಸಿ.ಇ.ಎ. ಏರಿದ್ದುಂಟು, ಕ್ಯಾನ್ಸರಿನ ಎಳವೆಯಲ್ಲಿ ಏರದೆ ಇದ್ದುದೂ ಉಂಟು. ೧೯೮೦ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಕರೆದ ಪರಿಣತರ ಸಭೆ, ಲಕ್ಷಣಗಳಿಲ್ಲದ ಜನರಲ್ಲಿ ಕ್ಯಾನ್ಸರನ್ನು ಹುಡುಕಲು ಇದು ತಕ್ಕುದಲ್ಲವೆಂದೂ, ಚಿಕಿತ್ಸೆ ಪಡೆಯುತ್ತಿರುವವರಲ್ಲಿ ರೋಗದ ನಡೆಯನ್ನು ನೋಡಲು ಉಪಯುಕ್ತವಾದೀತೆಂದೂ ತೀರ್ಮಾನಿಸಿತು. ಮುಂದೆ ಬಂದ ಬಹುತೇಕ ಪ್ರತಿಯೊಂದು ಗುರುತಿಗೂ ಇದೇ ತೀರ್ಪು ಬೇರೆ ಬೇರೆ ಮಾತುಗಳಲ್ಲಿ ಬಂದುದನ್ನು ವಾಚಕರು ಗಮನಿಸಬೇಕು.

ಸ್ತನದ ಕ್ಯಾನ್ಸರಿಗೆಂದೇ ಮೀಸಲಾದ ಗುರುತು ಬಂದುದು ಹಾಲಿನ ದಾರಿಯಿಂದ. ಕೇಂಬ್ರಿಜ್ಜಿನಲ್ಲಿ ಕೋಲರ್ ಮತ್ತು ಮಿಲ್‌ಸ್ಟೈನ್ ೧೯೭೫ರಲ್ಲಿ ಒಂದೇ ಬಗೆಯ ಪ್ರತಿಕಾಯಗಳನ್ನು ಬೇಕಾದಷ್ಟು ತಯಾರಿಸುವ ಉಪಾಯವನ್ನು ಕಂಡುಹಿಡಿದ ಮೇಲೆ, ಎಲ್ಲ ದೇಶಗಳ ಪ್ರಯೋಗಶಾಲೆಗಳೂ ಬಗೆಬಗೆಯ ವಸ್ತುಗಳಿಗೆ ಪ್ರತಿಕಾಯಗಳನ್ನು ಬೆಳೆಸತೊಡಗಿದುವು. ನೆದರ್‌ಲೆಂಡ್ಸಿನಲ್ಲಿ ಜಾನ್ ಹಿಲ್ಕೆನ್ಸ್ ಮತ್ತು ಜೊತೆಗಾರರು ತಾಯಹಾಲಿನ ಕೊಬ್ಬಿನ ಕಣಗಳನ್ನು ಸುತ್ತುವ ಪೊರೆಯನ್ನು ಬಳಸಿ ಒಂದು ಪ್ರತಿಕಾಯವನ್ನು ಪಡೆದರು. ಬೋಸ್ಟನ್ನಿನಲ್ಲಿ ಡೊನಾಲ್ಡ್ ಕೂಫೆ ಮತ್ತು ಜೊತೆಗಾರರು ಯಕೃತ್ತಿಗೆ ಹರಡಿದ ಸ್ತನದ ಕ್ಯಾನ್ಸರಿನಿಂದ ಇನ್ನೊಂದನ್ನು ಪಡೆದು ೧೯೮೪ರಲ್ಲಿ ಪ್ರಕಟಿಸಿದರು. ಒಂದು ಮಗುವಿನ ಆಹಾರದಿಂದ, ಮತ್ತೊಂದು ಮೃತ್ಯುವಿನ ಹೊಸ್ತಿಲಿನಿಂದ. ಆದರೂ ಎರಡೂ ಹಿಡಿದುಕೊಂಡುದು ಒಂದೇ ವಸ್ತುವನ್ನು. ಆ ವಸ್ತು ಈಗ ಮ್ಯೂಕ್-೧ ಎಂದು ಹೆಸರಾಗಿರುವ, ಸಕ್ಕರೆಯ ಸರಪಣಿಗಳನ್ನು ಹೊದ್ದ ದೊಡ್ಡದೊಂದು ಪ್ರೋಟೀನು. ಆರೋಗ್ಯವಾದ ಸ್ತನದಲ್ಲಿ ಅದು ಹಾಲಿನ ನಾಳಗಳ ಒಳಮೈಗೆ ಮಾತ್ರ ಅಂಟಿಕೊಂಡು ನಾಳದೊಳಕ್ಕೆ ಮುಖ ಮಾಡಿರುತ್ತದೆ. ರಕ್ತದ ಕಡೆಗೆ ಅದಕ್ಕೆ ಹೆಚ್ಚಿನ ದಾರಿಯಿಲ್ಲ. ಕ್ಯಾನ್ಸರಿನಲ್ಲಿ ಕೋಶಗಳಿಗೆ ಒಳಹೊರಗಿನ ವಿವೇಕ ತಪ್ಪುತ್ತದೆ. ಪ್ರೋಟೀನು ಕೋಶದ ಸುತ್ತಲೂ ಹರಡಿ, ಅದರ ತುಂಡುಗಳು ಕಳಚಿ ರಕ್ತವನ್ನು ಸೇರುತ್ತವೆ. ಈ ಎರಡು ಪ್ರತಿಕಾಯಗಳ ನಡುವೆ ಆ ತುಂಡನ್ನು ಹಿಡಿದು ಅಳೆಯುವುದೇ ಸಿ.ಎ. ೧೫-೩ ಪರೀಕ್ಷೆ, ಮಿಲಿಲೀಟರಿಗೆ ಸುಮಾರು ೩೦ ಮಾನಗಳನ್ನು ಅದರ ಮೇಲ್ಮಿತಿಯೆಂದು ಸಾಮಾನ್ಯವಾಗಿ ಹಿಡಿಯುತ್ತಾರೆ.

ಹುಟ್ಟಿನ ಈ ಬಗೆಯಲ್ಲಿಯೇ ಅದರ ಶಕ್ತಿಯೂ ಮಿತಿಯೂ ಇವೆ. ಗಂಟು ಚಿಕ್ಕದಾದರೆ ಕಳಚುವ ತುಂಡುಗಳೂ ಅಲ್ಪ. ರೋಗದ ಮೊದಲ ಹಂತದಲ್ಲಿರುವ ಹತ್ತು ಮಂದಿಯಲ್ಲಿ ಸುಮಾರು ಒಬ್ಬರಲ್ಲಿ ಮಾತ್ರ ಸಿ.ಎ. ೧೫-೩ ಮಿತಿಯನ್ನು ಮೀರುತ್ತದೆ. ದೂರದ ಅಂಗಗಳಿಗೆ ಹರಡಿದವರಲ್ಲಿ ನಾಲ್ವರಿಗೆ ಸುಮಾರು ಮೂವರಲ್ಲಿ ಮೀರುತ್ತದೆ. ಯಕೃತ್ತಿನ ರೋಗಗಳಲ್ಲಿ, ಸ್ತನದ ನಿರಪಾಯಕರ ಗಂಟುಗಳಲ್ಲಿ ಅದು ಕ್ಯಾನ್ಸರಿಲ್ಲದೆಯೂ ಏರುವುದುಂಟು. ಎಂದರೆ, ತಪಾಸಣೆಯ ವರದಿಯಲ್ಲಿ ಈ ಸಂಖ್ಯೆ ಸರಿಯಾಗಿದೆಯೆಂದು ಸ್ತನದಲ್ಲಿ ಕೈಗೆ ಸಿಕ್ಕಿದ ಗಂಟನ್ನು ಉಪೇಕ್ಷಿಸುವ ಸ್ತ್ರೀ ಪ್ರಾಣವನ್ನೇ ಪಣಕ್ಕೊಡ್ಡುತ್ತಾಳೆ. ಅಮೆರಿಕದ ಕ್ಯಾನ್ಸರ್ ವೈದ್ಯರ ಸಂಘ ೧೯೯೬ರಲ್ಲಿ ಮೊದಲು ಹೊರಡಿಸಿದ ಸೂಚನೆಗಳಲ್ಲಿಯೇ ರೋಗವನ್ನು ಪತ್ತೆಹಚ್ಚಲು ಇದನ್ನು ಬಳಸಬಾರದೆಂದು ಸ್ಪಷ್ಟವಾಗಿ ಹೇಳಿತ್ತು. ೨೦೦೭ರ ಆವೃತ್ತಿಯೂ ಆ ನಿಷೇಧವನ್ನು ಉಳಿಸಿಕೊಂಡು, ಹರಡಿದ ರೋಗಕ್ಕೆ ಚಿಕಿತ್ಸೆ ನಡೆಯುವಾಗ ಚಿತ್ರಪರೀಕ್ಷೆ ಮತ್ತು ದೇಹಪರೀಕ್ಷೆಗಳ ಜೊತೆಗೆ ಇದನ್ನು ನೋಡಬಹುದೆಂದಿತು. ಅಲ್ಲಿಯೂ ಒಂದು ಸೂಕ್ಷ್ಮವುಂಟು: ಹೊಸ ಔಷಧವನ್ನು ತೊಡಗಿದ ಮೊದಲ ನಾಲ್ಕಾರು ವಾರಗಳಲ್ಲಿ ಸಂಖ್ಯೆ ಏರುವುದು ಔಷಧ ಸೋತುದರ ಗುರುತಾಗಿರದೆ ಗೆದ್ದುದರ ಗುರುತೂ ಆಗಿರಬಹುದು, ಏಕೆಂದರೆ ಸಾಯುವ ಕೋಶಗಳೂ ತಮ್ಮ ಸರಕನ್ನು ರಕ್ತಕ್ಕೆ ಚೆಲ್ಲುತ್ತವೆ. ಇದನ್ನರಿಯದೆ ಒಳ್ಳೆಯ ಔಷಧವನ್ನು ನಿಲ್ಲಿಸಿದರೆ ನಷ್ಟ ರೋಗಿಯದು.

ಇಲ್ಲೊಂದು ಸಮಂಜಸವಾದ ಆಕ್ಷೇಪಣೆ ಏಳುತ್ತದೆ. ಆರೋಗ್ಯವಂತರ ಮಾತು ಹಾಗಿರಲಿ. ಶಸ್ತ್ರಚಿಕಿತ್ಸೆಯಾಗಿ ಗುಣಹೊಂದಿದವರಲ್ಲಿ ರೋಗ ಮರುಕಳಿಸುವುದನ್ನು ಈ ಸಂಖ್ಯೆ ಲಕ್ಷಣಗಳಿಗಿಂತ ಐದಾರು ತಿಂಗಳು ಮುಂಚೆ ತಿಳಿಸಬಲ್ಲುದಷ್ಟೆ. ಮುಂಚೆ ತಿಳಿದರೆ ಒಳ್ಳೆಯದಲ್ಲವೇ? ಬೆಂಗಳೂರಿನಿಂದ ಮುಂಬಯಿಗೆ ಬರುವ ಉದ್ಯಾನ್ ಎಕ್ಸ್‌ಪ್ರೆಸ್ಸನ್ನು ಇಬ್ಬರು ಕಾಯುತ್ತಿದ್ದಾರೆಂದು ಭಾವಿಸೋಣ. ಗಾಡಿ ಹೊತ್ತು ಮೀರಿ ಬರುತ್ತಿದೆಯೆಂಬ ಸುದ್ದಿ ಒಬ್ಬನಿಗೆ ಅದು ಕಲಬುರಗಿಯಲ್ಲಿರುವಾಗ ಮುಟ್ಟಿತು, ಇನ್ನೊಬ್ಬನಿಗೆ ಸೋಲಾಪುರದಲ್ಲಿರುವಾಗ. ಗಾಡಿ ನಿಲ್ದಾಣವನ್ನು ಸೇರುವ ಗಳಿಗೆ ಇಬ್ಬರಿಗೂ ಒಂದೇ. ಮೊದಲು ತಿಳಿದವನು ಹೆಚ್ಚು ಹೊತ್ತು ಕಾದನಷ್ಟೆ. ಸುದ್ದಿ ತಿಳಿದವನು ಗಾಡಿಯನ್ನು ಬೇಗ ನಡೆಸಬಲ್ಲವನಾಗಿದ್ದರೆ ಮಾತ್ರ ಮುಂಚೆ ತಿಳಿದುದಕ್ಕೆ ಬೆಲೆ. ಇಟಲಿಯಲ್ಲಿ ನಡೆದ ಎರಡು ದೊಡ್ಡ ಪ್ರಯೋಗಗಳು ೧೯೯೪ರಲ್ಲಿ ಪ್ರಕಟವಾದುವು; ಒಂದರಲ್ಲಿ ೧,೩೨೦, ಇನ್ನೊಂದರಲ್ಲಿ ೧,೨೪೩ ಮಂದಿ ಸ್ತ್ರೀಯರಿದ್ದರು. ಅವು ರಕ್ತದ ಗುರುತುಗಳನ್ನೇ ಮುಖ್ಯವಾಗಿ ಪರೀಕ್ಷಿಸಿದುವಲ್ಲ. ಎದೆಯ ಕ್ಷ-ಕಿರಣ, ಎಲುಬಿನ ಚಿತ್ರ ಮುಂತಾದುವುಗಳಿಂದ ಮರುಕಳಿಕೆಯನ್ನು ಮುಂಚೆ ಹುಡುಕಿದುವು. ಹೀಗೆ ಆಗಾಗ ಹುಡುಕಿದವರಿಗೂ ಹುಡುಕದವರಿಗೂ ಆಯುಷ್ಯದಲ್ಲಿ ಅಂತರ ಕಾಣಲಿಲ್ಲ. ಅಂದಿನ ಔಷಧಗಳ ಕೈಯಲ್ಲಿ ಗಾಡಿಯನ್ನು ನಡೆಸುವ ಶಕ್ತಿಯಿರಲಿಲ್ಲ.

ಎಳೆಯ ರೋಗವನ್ನು ಮುಂಚೆ ಕಾಣುವುದರಿಂದ ಪ್ರಯೋಜನವೇ ಇಲ್ಲವೆಂದು ಇದರಿಂದ ಯಾರೂ ತಿಳಿಯಬಾರದು. ಅದಕ್ಕೆ ಮುಂಬಯಿಯಲ್ಲಿಯೇ ಒಂದು ಸಾಕ್ಷಿಯುಂಟು. ೧೯೪೧ರಲ್ಲಿ ಆರಂಭವಾದ ಟಾಟಾ ಸ್ಮಾರಕ ಆಸ್ಪತ್ರೆಯವರು ೧೯೯೮ರಿಂದ ಮೊದಲ್ಗೊಂಡು ನಗರದ ಬಡ ವಸತಿಗಳ ೧,೫೧,೫೩೮ ಸ್ತ್ರೀಯರನ್ನು ಎರಡು ಗುಂಪು ಮಾಡಿ, ಒಂದು ಗುಂಪಿನವರ ಸ್ತನಗಳನ್ನು ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರಿಂದ ಎರಡು ವರ್ಷಗಳಿಗೊಮ್ಮೆ ಕೈಯಿಂದ ಮುಟ್ಟಿ ಪರೀಕ್ಷಿಸಿಸಿದರು. ಇಪ್ಪತ್ತು ವರ್ಷಗಳ ಫಲ ೨೦೨೧ರಲ್ಲಿ ಹೊರಬಂದಿತು. ಪರೀಕ್ಷೆಗೊಳಗಾದವರಲ್ಲಿ ರೋಗ ಎಳೆಯ ಹಂತದಲ್ಲಿ ಸಿಕ್ಕಿತು. ಐವತ್ತು ಮತ್ತು ಅದಕ್ಕೆ ಮೇಲ್ಪಟ್ಟ ವಯಸ್ಸಿನವರಲ್ಲಿ ಸ್ತನದ ಕ್ಯಾನ್ಸರಿನ ಮರಣ ಸುಮಾರು ನೂರಕ್ಕೆ ಮೂವತ್ತರಷ್ಟು ತಗ್ಗಿತು. ಅದಕ್ಕಿಂತ ಕಿರಿಯರಲ್ಲಿ ಅಂಥ ಇಳಿತ ಕಾಣಲಿಲ್ಲ. ದುಬಾರಿಯ ಯಂತ್ರವಿಲ್ಲ, ಸೂಜಿಯಿಲ್ಲ. ಪಳಗಿದ ಬೆರಳು ಮಾತ್ರ. ಈ ಕೆಲಸಕ್ಕೆ ನಮ್ಮ ಪತ್ರಿಕೆಗಳಲ್ಲಿ ಬರಬೇಕಾದಷ್ಟು ಪ್ರಚಾರ ಬರಲಿಲ್ಲವೆಂಬುದು ನನ್ನ ಅಭಿಪ್ರಾಯ.

ಆಶ್ವರ್ತನ ತೇಲುವ ಕೋಶಗಳು ಮತ್ತೆ ರಂಗಕ್ಕೆ ಬಂದುದು ೨೦೦೪ರಲ್ಲಿ. ಕಾಂತೀಯ ಕಣಗಳಿಗೆ ಪ್ರತಿಕಾಯಗಳನ್ನು ಅಂಟಿಸಿ, ಏಳೂವರೆ ಮಿಲಿಲೀಟರ್ ರಕ್ತದಲ್ಲಿ ಮೂರು ಸಾವಿರ ಕೋಟಿಗೂ ಮೀರಿದ ಕೆಂಪು ಕಣಗಳ ನಡುವಿನಿಂದ ಐದಾರು ಕ್ಯಾನ್ಸರ್ ಕೋಶಗಳನ್ನು ಸೆಳೆದೆತ್ತುವ ಉಪಕರಣವೊಂದು ಆ ವರ್ಷ ಅಮೆರಿಕದಲ್ಲಿ ಅನುಮತಿ ಪಡೆಯಿತು. ರೋಗ ಹರಡಿದ ೧೭೭ ಸ್ತ್ರೀಯರಲ್ಲಿ, ಐದು ಅಥವಾ ಹೆಚ್ಚು ಕೋಶಗಳಿದ್ದವರು ಕಡಿಮೆಯಿದ್ದವರಿಗಿಂತ ಬೇಗ ತೀರಿಕೊಂಡರೆಂಬುದು ಸ್ಪಷ್ಟವಾಯಿತು. ಹಾಗಾದರೆ ಒಂದು ಸುತ್ತು ಚಿಕಿತ್ಸೆಯಾದ ಮೇಲೂ ಕೋಶಗಳು ಇಳಿಯದಿದ್ದರೆ ಕೂಡಲೆ ಔಷಧವನ್ನು ಬದಲಿಸುವುದು ಮೇಲಲ್ಲವೇ? ಈ ಪ್ರಶ್ನೆಯನ್ನೇ ಹಿಡಿದು ಅಮೆರಿಕದ ವೈದ್ಯರು ಪ್ರಯೋಗ ನಡೆಸಿ ೨೦೧೪ರಲ್ಲಿ ಫಲವನ್ನು ಪ್ರಕಟಿಸಿದರು. ಅಂಥ ೧೨೩ ಮಂದಿಯಲ್ಲಿ ಔಷಧ ಬದಲಿಸಿದವರೂ ಬದಲಿಸದವರೂ ಒಂದೇ ಸಮವಾಗಿ ಬದುಕಿದರು. ರಕ್ತ ಸತ್ಯವನ್ನೇ ನುಡಿದಿತ್ತು. ಆ ಸತ್ಯದಿಂದ ಮಾಡಬಹುದಾದುದು ಏನೂ ಇರಲಿಲ್ಲ.

ಕೊನೆಯದಾಗಿ ಡಿ.ಎನ್.ಎ. ಇದರ ಮೂಲ ಅನೇಕರು ತಿಳಿದಂತೆ ಇತ್ತೀಚಿನದಲ್ಲ. ಫ್ರಾನ್ಸಿನ ಮಾಂಡೆಲ್ ಮತ್ತು ಮೆಟೆ ಎಂಬಿಬ್ಬರು ೧೯೪೮ರಲ್ಲಿಯೇ, ಎಂದರೆ ವಾಟ್ಸನ್ ಮತ್ತು ಕ್ರಿಕ್ ಡಿ.ಎನ್.ಎ.ಯ ರಚನೆಯನ್ನು ತಿಳಿಸುವುದಕ್ಕೆ ಐದು ವರ್ಷ ಮುಂಚೆ, ರಕ್ತದ ದ್ರವಭಾಗದಲ್ಲಿ ಕೋಶಗಳ ಹೊರಗೆ ಈ ಆಮ್ಲ ಇರುವುದೆಂದು ಬರೆದರು. ಯಾರೂ ಓದಲಿಲ್ಲವೆಂದರೂ ಸಲ್ಲುತ್ತದೆ. ೧೯೭೭ರಲ್ಲಿ ಕ್ಯಾನ್ಸರ್ ರೋಗಿಗಳಲ್ಲಿ ಅದರ ಪ್ರಮಾಣ ಹೆಚ್ಚೆಂದು ತಿಳಿದುಬಂತು. ೧೯೯೪ರಲ್ಲಿ ಕ್ಯಾನ್ಸರಿಗೇ ವಿಶಿಷ್ಟವಾದ ಅಕ್ಷರದೋಷಗಳು ಆ ತುಣುಕುಗಳಲ್ಲಿ ಸಿಕ್ಕಿದುವು. ಇಲ್ಲಿ ಒಂದು ಗೊಂದಲವನ್ನು ನಿವಾರಿಸಬೇಕು. ಬಿ.ಆರ್.ಸಿ.ಎ. ಎಂಬ ಜೀನುಗಳ ಪರೀಕ್ಷೆಯನ್ನೂ ರಕ್ತದಿಂದಲೇ ಮಾಡುವರಾದರೂ, ಅದು ತಂದೆತಾಯಿಗಳಿಂದ ಬಂದ ಅಪಾಯವನ್ನು ತಿಳಿಸುವುದೇ ಹೊರತು ರೋಗವನ್ನಲ್ಲ. ನಾವು ಹೇಳುತ್ತಿರುವುದು ಗಂಟೇ ರಕ್ತಕ್ಕೆ ಚೆಲ್ಲಿದ ಡಿ.ಎನ್.ಎ.ಯ ಮಾತು. ಪ್ರೋಟೀನಿಗಿಲ್ಲದ ಎರಡು ಗುಣ ಇದಕ್ಕುಂಟು: ಇದರ ಅಕ್ಷರದೋಷ ಆ ರೋಗಿಯ ಆ ಗಂಟಿನದೇ ಸಹಿಯಂತಿರುತ್ತದೆ, ರಕ್ತದಲ್ಲಿ ಇದು ಎರಡು ಗಂಟೆಗಳಲ್ಲಿ ಅರೆಪಾಲಿಗಿಳಿಯುವುದರಿಂದ ಹೇಳುವುದು ಇಂದಿನ ಸುದ್ದಿಯನ್ನೇ. ೨೦೧೩ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್ಜಿನವರು ರೋಗ ಹರಡಿದ ೩೦ ಸ್ತ್ರೀಯರಲ್ಲಿ ಮೂರು ಗುರುತುಗಳನ್ನೂ ಎದುರುಬದುರು ನಿಲ್ಲಿಸಿದರು. ಡಿ.ಎನ್.ಎ. ೨೯ ಮಂದಿಯಲ್ಲಿ ಸಿಕ್ಕಿತು, ತೇಲುವ ಕೋಶಗಳು ೨೬ ಮಂದಿಯಲ್ಲಿ, ಸಿ.ಎ. ೧೫-೩ ಪರೀಕ್ಷಿಸಿದ ೨೭ ಮಂದಿಯಲ್ಲಿ ೨೧ ಮಂದಿಯಲ್ಲಿ ಮಾತ್ರ ಏರಿತ್ತು.

ಶಸ್ತ್ರಚಿಕಿತ್ಸೆಯ ಬಳಿಕ ಉಳಿದಿರುವ ಕಣ್ಣಿಗೆ ಕಾಣದ ರೋಗವನ್ನೂ ಇದು ಹಿಡಿದೀತೆಂಬ ಭರವಸೆ ೨೦೧೫ರಿಂದ ಮೂಡಿತು. ೨೦೧೯ರಲ್ಲಿ ಬ್ರಿಟನ್ನಿನ ಅಧ್ಯಯನವೊಂದು, ಮರುಕಳಿಕೆಯ ಸುಳಿವು ಚಿಕಿತ್ಸಾಲಯಕ್ಕೆ ತಿಳಿಯುವ ಸುಮಾರು ೧೦.೭ ತಿಂಗಳು ಮುಂಚೆಯೇ ರಕ್ತದಲ್ಲಿ ಕಾಣಿಸುತ್ತದೆಂದಿತು. ಮೆದುಳಿನಲ್ಲಿ ಮಾತ್ರ ಮರುಕಳಿಸಿದ ಆರು ಮಂದಿಯಲ್ಲಿ ಒಬ್ಬರಲ್ಲಷ್ಟೇ ಕಾಣಿಸಿತ್ತು. ಆದರೆ ಅದೇ ದೇಶದಲ್ಲಿ, ಚಿಕಿತ್ಸೆಗೆ ಬಲು ಕಠಿನವಾದ ಒಂದು ಬಗೆಯ ಸ್ತನದ ಕ್ಯಾನ್ಸರಿನವರಲ್ಲಿ ಡಿ.ಎನ್.ಎ. ಕಂಡೊಡನೆ ಹೊಸ ಔಷಧ ಕೊಟ್ಟು ನೋಡಬೇಕೆಂದು ಹೊರಟಾಗ, ಆ ಗುಂಪಿನ ೩೨ ಮಂದಿಯಲ್ಲಿ ೨೩ ಮಂದಿಗೆ ರೋಗ ಆಗಲೇ ಹರಡಿತ್ತು. ಔಷಧವನ್ನು ತೊಡಗಲು ಸಾಧ್ಯವಾದುದು ಐವರಿಗೆ. ಒಬ್ಬರಲ್ಲಿಯೂ ರಕ್ತ ನಿಲುಗಡೆಯಾಗಿ ಶುದ್ಧವಾಗಲಿಲ್ಲ. ಅತ್ಯಂತ ಸೂಕ್ಷ್ಮವಾದ ಕಿವಿಗೂ ಕೇಳಿಸಿದುದು ತಡವಾಗಿಯೇ. ಇನ್ನು ಆರೋಗ್ಯವಂತರಲ್ಲಿ ಹಲವು ಬಗೆಯ ಕ್ಯಾನ್ಸರುಗಳನ್ನು ಒಮ್ಮೆಗೇ ಹುಡುಕುವ ಡಿ.ಎನ್.ಎ. ಪರೀಕ್ಷೆಗಳ ಮಾತು: ೨೦೨೧ರಲ್ಲಿ ಪ್ರಕಟವಾದ ಪ್ರಸಿದ್ಧವಾದ ಒಂದರಲ್ಲಿ, ಎಲ್ಲ ಬಗೆಯ ಕ್ಯಾನ್ಸರುಗಳನ್ನೂ ಒಟ್ಟುಗೂಡಿಸಿದರೆ, ಮೊದಲ ಹಂತದ ರೋಗಿಗಳಲ್ಲಿ ನೂರಕ್ಕೆ ೧೬.೮ರಷ್ಟು ಮಂದಿ ಮಾತ್ರ ಪತ್ತೆಯಾದರು.

ಹೀಗಿರುವಾಗ, ರಕ್ತದ ಮಾತನ್ನು ಕೇಳಿ ಮಾಡಬಹುದಾದುದು ಏನಾದರೂ ಇದೆಯೆಂದು ತೋರಿಬಂದುದು ಯಾರೂ ಮೊದಲು ನಿರೀಕ್ಷಿಸದಿದ್ದ ಎಡೆಯಿಂದ. ಸ್ತನದ ಕ್ಯಾನ್ಸರುಗಳಲ್ಲಿ ಹೆಚ್ಚಿನವು ಈಸ್ಟ್ರೋಜನ್ ಎಂಬ ಸ್ತ್ರೀ ಹಾರ್ಮೋನನ್ನು ಉಂಡು ಬೆಳೆಯುವಂಥವು. ಆ ಹಾರ್ಮೋನಿನ ಉತ್ಪತ್ತಿಯನ್ನು ತಡೆಯುವುದೇ ಅವುಗಳ ಮುಖ್ಯ ಚಿಕಿತ್ಸೆಗಳಲ್ಲೊಂದು. ವರ್ಷಗಳ ಚಿಕಿತ್ಸೆಯ ನಡುವೆ ಕೆಲವು ಕೋಶಗಳಲ್ಲಿ ಇ.ಎಸ್.ಆರ್.-೧ ಎಂಬ ಜೀನು ಕೆಟ್ಟು, ಹಾರ್ಮೋನು ಇಲ್ಲದೆಯೂ ಬೆಳೆಯುವ ಉಪಾಯವನ್ನು ಕಲಿಯುತ್ತವೆ. ಈ ಕೇಡು ಗಂಟು ಚಿತ್ರದಲ್ಲಿ ಬೆಳೆದು ಕಾಣುವುದಕ್ಕೆ ತಿಂಗಳುಗಳ ಮುಂಚೆ ರಕ್ತದ ಡಿ.ಎನ್.ಎ.ಯಲ್ಲಿ ತೋರುತ್ತದೆ. ಫ್ರಾನ್ಸಿನವರು ೧,೦೧೭ ಸ್ತ್ರೀಯರನ್ನು ಹೀಗೆ ಕಾದುನೋಡಿ, ಕೇಡು ಕಂಡ ೧೭೨ ಮಂದಿಯಲ್ಲಿ ಅರ್ಧದಷ್ಟು ಜನರಿಗೆ ಕೂಡಲೆ ಔಷಧವನ್ನು ಬದಲಿಸಿದರು. ರೋಗ ಮುಂದುವರಿಯದೆ ನಿಂತ ಅವಧಿ ೫.೭ ತಿಂಗಳಿಂದ ೧೧.೯ ತಿಂಗಳಿಗೆ ಏರಿತೆಂದು ೨೦೨೨ರಲ್ಲಿ ವರದಿಯಾಯಿತು. ೨೦೨೩ರ ಜನವರಿಯಲ್ಲಿ ಎಲಾಸೆಸ್ಟ್ರಾಂಟ್ ಎಂಬ ಗುಳಿಗೆಗೆ ಅಮೆರಿಕದಲ್ಲಿ ಅನುಮತಿ ದೊರೆತಾಗ, ಅದು ಯಾರಿಗೆ ಸಲ್ಲುವುದೆಂಬುದನ್ನು ಗೊತ್ತುಮಾಡುವ ರಕ್ತಪರೀಕ್ಷೆಗೂ ಜೊತೆಯಲ್ಲಿಯೇ ಅನುಮತಿ ದೊರೆಯಿತು. ಇಲ್ಲಿ ರಕ್ತಕ್ಕೆ ಕೇಳಿದುದು ‘ರೋಗವುಂಟೇ?’ ಎಂದಲ್ಲ, ರೋಗವಿರುವುದು ಎಲ್ಲರಿಗೂ ಗೊತ್ತು. ಅದು ಯಾವ ವೇಷವನ್ನು ತೊಡುತ್ತಿದೆಯೆಂದು ಕೇಳಿದರು. ಆ ವೇಷಕ್ಕೆ ತಕ್ಕ ಮದ್ದು ಕೈಯಲ್ಲಿತ್ತು.

ಇದೇ ದಾರಿಯಲ್ಲಿ ಹಲವು ದೇಶಗಳಲ್ಲಿ ಏಕಕಾಲಕ್ಕೆ ನಡೆದ ಪ್ರಯೋಗವೊಂದರ ಫಲ ೨೦೨೫ರಲ್ಲಿ ಪ್ರಕಟವಾಯಿತು. ಅದರಲ್ಲಿ ಮೂರು ಸಾವಿರಕ್ಕೂ ಮಿಕ್ಕಿದ ರೋಗಿಗಳ ರಕ್ತವನ್ನು ಎರಡು ಮೂರು ತಿಂಗಳಿಗೊಮ್ಮೆ ಪರೀಕ್ಷಿಸಿ, ಚಿತ್ರದಲ್ಲಿ ರೋಗ ಬೆಳೆಯದಿದ್ದರೂ ರಕ್ತದಲ್ಲಿ ಇ.ಎಸ್.ಆರ್.-೧ರ ಕೇಡು ಕಂಡ ೩೧೫ ಮಂದಿಯನ್ನು ಆರಿಸಿದರು. ಕ್ಯಾಮಿಜೆಸ್ಟ್ರಾಂಟ್ ಎಂಬ ಹೊಸ ಔಷಧಕ್ಕೆ ಬದಲಾದವರಲ್ಲಿ ರೋಗ ಮಧ್ಯಮ ಲೆಕ್ಕದಲ್ಲಿ ೧೬ ತಿಂಗಳು ನಿಂತಿತು; ಹಳೆಯ 
ಚಿಕಿತ್ಸೆಯಲ್ಲಿಯೇ ಉಳಿದವರಲ್ಲಿ ೯.೨ ತಿಂಗಳು. ಹಾಗೆ ಬದಲಿಸಿದವರು ಕೊನೆಗೆ ಹೆಚ್ಚು ಕಾಲ ಬದುಕಿದರೇ ಎಂಬ ಲೆಕ್ಕವನ್ನು ಹಾಕುವಷ್ಟು ಕಾಲ ಆ ಫಲ ಪ್ರಕಟವಾದಾಗ ಇನ್ನೂ ಕಳೆದಿರಲಿಲ್ಲ.